ಕನೆಕ್ಷನ್ ಕಡಿದ ಮೇಲೆ ಬ್ಲೂಟೂತ್ ಸಾಧನ ಎಲ್ಲಿ ಹೋಗುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾಗದ ಸುತ್ತ ಇವೆ. ಬ್ಲೂಟೂತ್ ಲೋ ಎನರ್ಜಿ ಅಂದರೆ ಬಿಎಲ್‌ಇ ಸಾಧನ ಒಮ್ಮೆ ಕನೆಕ್ಟ್ ಆಗಿ ಕಡಿದುಹೋದ ಮೇಲೆ ಮತ್ತೆ ಕಣ್ಣಿಗೆ ಬೀಳುವುದು ಹೇಗೆ ಅನ್ನುವುದು. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಇಎಸ್‌ಪಿ32 ಬೋರ್ಡ್‌ನಲ್ಲಿ ತಾಪಮಾನ ಅಳೆಯುವ ಸಣ್ಣ ಸಾಧನ ಮಾಡಿದ್ದೇನೆ. ಫೋನಿಗೆ ಮೊದಲ ಸಲ ಚೆನ್ನಾಗಿ ಕನೆಕ್ಟ್ ಆಗುತ್ತದೆ. ಡಿಸ್‌ಕನೆಕ್ಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿದರೆ ಹೆಸರೇ ಇಲ್ಲ. ರೀಸೆಟ್ ಬಟನ್ ಒತ್ತಿದರೆ ಮಾತ್ರ ಬರುತ್ತದೆ. ಬೋರ್ಡ್ ಕೆಟ್ಟಿದೆಯಾ?

ಉತ್ತರ: ಬೋರ್ಡ್ ಚೆನ್ನಾಗಿದೆ, ಬದಲಾಯಿಸಬೇಡಿ. ನಿಮ್ಮ ಸಾಧನ ಅಡ್ವರ್ಟೈಸಿಂಗ್ ನಿಲ್ಲಿಸಿದೆ, ಮತ್ತೆ ಶುರು ಮಾಡು ಅಂತ ಅದಕ್ಕೆ ಯಾರೂ ಹೇಳಿಲ್ಲ, ಅಷ್ಟೇ.

ನಡೆಯುವುದು ಹೀಗೆ. ಕನೆಕ್ಟ್ ಆಗುವ ಮುಂಚೆ ಸಾಧನ 'ನಾನಿಲ್ಲಿದ್ದೇನೆ' ಅನ್ನುವ ಸಣ್ಣ ಪ್ಯಾಕೆಟ್‌ಗಳನ್ನು 37, 38, 39 ಅನ್ನುವ ಮೂರು ಚಾನೆಲ್‌ಗಳಲ್ಲಿ ಕಳಿಸುತ್ತಾ ಇರುತ್ತದೆ. ಫೋನ್ ಅದನ್ನು ಕೇಳಿ ಕನೆಕ್ಷನ್ ಕೋರಿಕೆ ಕಳಿಸುತ್ತದೆ. ಅದು ಸಿಕ್ಕಿದ ಕ್ಷಣವೇ ಸಾಧನದ ರೇಡಿಯೊ ಅಡ್ವರ್ಟೈಸಿಂಗ್ ಸ್ಥಿತಿ ಬಿಟ್ಟು ಕನೆಕ್ಷನ್ ಸ್ಥಿತಿಗೆ ಹೋಗುತ್ತದೆ. ಇದಕ್ಕೆ ನಿಮ್ಮ ಕೋಡ್ ಏನೂ ಮಾಡಬೇಕಿಲ್ಲ. ಆದರೆ ವಾಪಸ್ ಬರುವ ದಾರಿ ಹಾಗಿಲ್ಲ. ಕನೆಕ್ಷನ್ ಕಡಿದರೆ ರೇಡಿಯೊ ಹೋಗುವುದು ಸ್ಟ್ಯಾಂಡ್‌ಬೈಗೆ. ಮೊದಲಿದ್ದ ಅಡ್ವರ್ಟೈಸಿಂಗ್‌ಗೆ ತಾನಾಗಿ ಮರಳುವುದಿಲ್ಲ, ಬ್ಲೂಟೂತ್ ನಿಯಮಾವಳಿಯೇ ಹಾಗಿದೆ. ಚಿಪ್ ಅಲ್ಲಿ ಸುಮ್ನೆ ಕೂತಿರುತ್ತದೆ. ಮತ್ತೆ ಶುರು ಮಾಡಬೇಕೋ ಬೇಡವೋ, ಯಾವ ವೇಗದಲ್ಲಿ ಮಾಡಬೇಕು ಅನ್ನುವುದನ್ನು ಮೇಲಿರುವ ಸಾಫ್ಟ್‌ವೇರ್ ಹೇಳಬೇಕು. ಇದು ಸರಿಯಾದ ವ್ಯವಸ್ಥೆಯೇ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಕೆಲವು ಸಾಧನಗಳು ಡೇಟಾ ಒಪ್ಪಿಸಿದ ಮೇಲೆ ನಿದ್ದೆಗೆ ಹೋಗಬೇಕು, ಕೆಲವು ತಕ್ಷಣ ಮತ್ತೆ ಕೂಗಬೇಕು, ಯಾವುದು ಬೇಕು ಅಂತ ಚಿಪ್‌ಗೆ ಹೇಗೆ ಗೊತ್ತಾಗಬೇಕು?

ರೀಸೆಟ್ ಒತ್ತಿದರೆ ಸರಿಹೋಗುವುದೂ ಇದಕ್ಕೇ. ಅಡ್ವರ್ಟೈಸಿಂಗ್ ಶುರು ಮಾಡುವ ಸಾಲು ನಿಮ್ಮ ಸೆಟಪ್ ಭಾಗದಲ್ಲಿ ಮಾತ್ರ ಇದೆ, ಅಲ್ವಾ? ಅದೇ ಸಾಲು ಡಿಸ್‌ಕನೆಕ್ಟ್ ಆದ ಮೇಲೂ ಓಡಬೇಕು. ಇಎಸ್‌ಪಿ32ರ ಆರ್ಡುಯಿನೊ ಲೈಬ್ರರಿ ಜೊತೆ ಬರುವ ನೋಟಿಫೈ ಉದಾಹರಣೆಯನ್ನು ತೆಗೆದು ನೋಡಿ. ಅಲ್ಲಿ ಡಿಸ್‌ಕನೆಕ್ಟ್ ಆಗಿದೆ ಅಂತ ಲೂಪ್‌ನಲ್ಲಿ ಗೊತ್ತಾದ ಮೇಲೆ 500 ಮಿಲಿಸೆಕೆಂಡ್ ಕಾದು, ಆಮೇಲೆ ಅಡ್ವರ್ಟೈಸಿಂಗ್ ಶುರು ಮಾಡುತ್ತಾರೆ. ಸ್ಟ್ಯಾಕ್‌ಗೆ, ಅಂದರೆ ಬ್ಲೂಟೂತ್ ನಡೆಸುವ ಸಾಫ್ಟ್‌ವೇರ್‌ಗೆ, ಹಳೆಯ ಕನೆಕ್ಷನ್ ಮುಗಿಸಿಕೊಳ್ಳಲು ಸಮಯ ಕೊಡುವುದು ಆ ಕಾಯುವಿಕೆಯ ಉದ್ದೇಶ. ನಿಂಬಲ್-ಆರ್ಡುಯಿನೊ ಲೈಬ್ರರಿಯಲ್ಲಾದರೆ ಡಿಸ್‌ಕನೆಕ್ಟ್ ಆದಾಗ ತಾನೇ ಶುರು ಮಾಡುವ ಸೆಟ್ಟಿಂಗ್ ಇದೆ. ಹಾಗಂತ ಅದು ಯಾವಾಗಲೂ ಆನ್ ಇರುತ್ತದೆ ಅಂತ ನಂಬಿ ಕೂರಬೇಡಿ, ನೀವೇ ಸ್ಪಷ್ಟವಾಗಿ ಆನ್ ಮಾಡಿ. ಲೈಬ್ರರಿಯ ಆವೃತ್ತಿ ಬದಲಾದಾಗ ಇಂಥ ವಿಷಯಗಳೇ ಮೊದಲು ಕೈಕೊಡುವುದು.

ಪ್ರಶ್ನೆ: ನಾನು ಝೆಫೈರ್ ಅನ್ನುವ, ಸಣ್ಣ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್ ಬಳಸುತ್ತೇನೆ. ಡಿಸ್‌ಕನೆಕ್ಟ್ ಕಾಲ್‌ಬ್ಯಾಕ್ (ಕನೆಕ್ಷನ್ ಕಡಿದಾಗ ಸ್ಟ್ಯಾಕ್ ಕರೆಯುವ ಫಂಕ್ಷನ್) ಒಳಗೇ ಅಡ್ವರ್ಟೈಸಿಂಗ್ ಶುರು ಮಾಡಿದ್ದೇನೆ. ಆದರೂ ಮೆಮೊರಿ ಇಲ್ಲ ಅನ್ನುವ ಎರರ್ ಬರುತ್ತಿದೆ. ರ್‍ಯಾಮ್ ಬೇಕಾದಷ್ಟು ಖಾಲಿ ಇದೆ!

ಉತ್ತರ: ಖಾಲಿ ಇಲ್ಲದಿರುವುದು ರ್‍ಯಾಮ್ ಅಲ್ಲ, ಕನೆಕ್ಷನ್ ಆಬ್ಜೆಕ್ಟ್, ಅಂದರೆ ಒಂದೊಂದು ಕನೆಕ್ಷನ್‌ನ ವಿವರ ಇಡಲು ಸ್ಟ್ಯಾಕ್ ಮೊದಲೇ ಎಣಿಸಿಟ್ಟ ಜಾಗ. ಒಟ್ಟು ಎಷ್ಟು ಕನೆಕ್ಷನ್ ಅಂತ ಕಾನ್ಫಿಗ್‌ನಲ್ಲಿ 1 ಕೊಟ್ಟಿರುತ್ತೀರಿ. ಕನೆಕ್ಟ್ ಆಗಬಲ್ಲ ಅಡ್ವರ್ಟೈಸಿಂಗ್ ಶುರುವಾಗಬೇಕಾದರೆ ಝೆಫೈರ್ ಒಂದು ಆಬ್ಜೆಕ್ಟ್ ಅನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು. ಆದರೆ ನೀವು ಇನ್ನೂ ಡಿಸ್‌ಕನೆಕ್ಟ್ ಕಾಲ್‌ಬ್ಯಾಕ್ ಒಳಗೇ ಇದ್ದೀರಿ, ಹಳೆಯ ಆಬ್ಜೆಕ್ಟ್ ಇನ್ನೂ ಸ್ಟ್ಯಾಕ್ ಕೈಯಲ್ಲೇ ಇದೆ. ಇರುವ ಒಂದೂ ಬಿಡುಗಡೆ ಆಗಿಲ್ಲ, ಹೊಸದು ಎಲ್ಲಿಂದ ಬರಬೇಕು?

ಇದಕ್ಕಾಗಿಯೇ 'ರೀಸೈಕಲ್ಡ್' ಅನ್ನುವ ಬೇರೆ ಕಾಲ್‌ಬ್ಯಾಕ್ ಇದೆ. ಆಬ್ಜೆಕ್ಟ್ ನಿಜವಾಗಿ ಮರಳಿ ಬಂದ ಮೇಲೆ ಅದು ಬರುತ್ತದೆ. ಅಲ್ಲಿಂದ ವರ್ಕ್ ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಒಂದು ಕೆಲಸ ಹಾಕಿ, ಅಡ್ವರ್ಟೈಸಿಂಗ್ ಅಲ್ಲಿ ಶುರುವಾಗಲಿ. ಕಣ್ಣಳತೆಯಲ್ಲಿ ಇಷ್ಟು ಮಿಲಿಸೆಕೆಂಡ್ ಕಾಯುವುದಕ್ಕಿಂತ ಇದು ಎಷ್ಟೋ ಮೇಲು.

ರೀಸೈಕಲ್ಡ್ ಬರುವುದೇ ಇಲ್ಲ ಅಂತಾದರೆ ನಿಮ್ಮ ಕೋಡ್‌ನಲ್ಲೇ ಹುಡುಕಿ. ಕನೆಕ್ಟ್ ಆದಾಗ ಆಬ್ಜೆಕ್ಟ್‌ನ ರೆಫರೆನ್ಸ್ (ಇದು ಬಳಕೆಯಲ್ಲಿದೆ ಅನ್ನುವ ಗುರುತು) ತೆಗೆದುಕೊಂಡು ಡಿಸ್‌ಕನೆಕ್ಟ್ ಆದಾಗ ಬಿಡುವುದು ಮರೆತಿರುತ್ತದೆ. ಆ ಒಂದು ಸಾಲು ಇಲ್ಲದಿದ್ದರೆ ಆಬ್ಜೆಕ್ಟ್ ಎಂದಿಗೂ ಬಿಡುಗಡೆ ಆಗುವುದಿಲ್ಲ, ಸಾಧನವೂ ಮತ್ತೆ ಕಾಣಿಸುವುದಿಲ್ಲ. ಇನ್ನೊಂದು ಮಾತು, ಹಳೆಯ ಉದಾಹರಣೆಗಳಲ್ಲಿ ಸ್ಟ್ಯಾಕೇ ಅಡ್ವರ್ಟೈಸಿಂಗ್ ಅನ್ನು ಮತ್ತೆ ಶುರು ಮಾಡುವ ಆಯ್ಕೆ ಕಾಣುತ್ತದೆ. ಹೊಸ ಆವೃತ್ತಿಗಳಲ್ಲಿ ಅದನ್ನು ಬಿಡಿ ಅಂತ ಹೇಳಿದ್ದಾರೆ, ಹೊಸ ಕೋಡ್‌ನಲ್ಲಿ ಅದರ ಮೇಲೆ ನಿಲ್ಲಬೇಡಿ.

ಪ್ರಶ್ನೆ: ಆ್ಯಪ್‌ನಲ್ಲಿ ಡಿಸ್‌ಕನೆಕ್ಟ್ ಒತ್ತಿದರೆ ಸಾಧನ ತಕ್ಷಣ ಮತ್ತೆ ಸಿಗುತ್ತದೆ. ಆದರೆ ಫೋನ್ ಹಿಡಿದು ದೂರ ಹೋಗಿ ಕನೆಕ್ಷನ್ ಕಡಿದರೆ, ವಾಪಸ್ ಬಂದ ಕೂಡಲೇ ಸಿಗುವುದಿಲ್ಲ, ಸುಮಾರು ಹೊತ್ತು ಹಿಡಿಯುತ್ತದೆ. ಯಾಕೆ ಈ ವ್ಯತ್ಯಾಸ?

ಉತ್ತರ: ಒಳ್ಳೆಯ ಗಮನಿಕೆ. ಮೊದಲನೆಯದರಲ್ಲಿ ಫೋನ್ ಹೇಳಿ ಹೋಗುತ್ತದೆ, ಎರಡನೆಯದರಲ್ಲಿ ಹೇಳದೆ ಹೋಗುತ್ತದೆ.

ಡಿಸ್‌ಕನೆಕ್ಟ್ ಒತ್ತಿದಾಗ ಮುಗಿಸುವ ಪ್ಯಾಕೆಟ್ ಗಾಳಿಯಲ್ಲಿ ಹೋಗುತ್ತದೆ, ಸಾಧನಕ್ಕೆ ಆಗಲೇ ಗೊತ್ತಾಗುತ್ತದೆ. ದೂರ ಹೋದರೆ ಅಂಥ ಪ್ಯಾಕೆಟ್ ಏನೂ ಬರುವುದಿಲ್ಲ, ಬರುತ್ತಿದ್ದ ಪ್ಯಾಕೆಟ್‌ಗಳು ನಿಲ್ಲುತ್ತವೆ ಅಷ್ಟೇ. ಒಂದೆರಡು ಪ್ಯಾಕೆಟ್ ತಪ್ಪುವುದು ರೇಡಿಯೊದಲ್ಲಿ ದಿನನಿತ್ಯದ ವಿಷಯ, ಅದಕ್ಕೆ ಸಾಧನ ಕಾಯುತ್ತದೆ. ಎಷ್ಟು ಹೊತ್ತು ಅಂದರೆ ಸೂಪರ್‌ವಿಷನ್ ಟೈಮ್‌ಔಟ್ ಮುಗಿಯುವವರೆಗೆ. ಇದು 100 ಮಿಲಿಸೆಕೆಂಡ್‌ನಿಂದ 32 ಸೆಕೆಂಡ್‌ವರೆಗೆ ಎಷ್ಟಾದರೂ ಇರಬಹುದು. ಅಲ್ಲಿಯವರೆಗೆ ಸಾಧನದ ಲೆಕ್ಕದಲ್ಲಿ ಕನೆಕ್ಷನ್ ಇನ್ನೂ ಇದೆ, ಒಂದೇ ಕನೆಕ್ಷನ್‌ಗೆ ಬರೆದ ಫರ್ಮ್‌ವೇರ್ ಆದರೆ ಅಡ್ವರ್ಟೈಸಿಂಗ್ ಶುರುವಾಗುವ ಮಾತೇ ಇಲ್ಲ. ಎರಡೂ ಕಡೆಯವರು ಈ ಗಡಿಯಾರವನ್ನು ಬೇರೆ ಬೇರೆಯಾಗಿ ನಡೆಸುತ್ತಾರೆ. ಹಾಗಾಗಿ ಫೋನಿಗೆ ಮೊದಲೇ ಗೊತ್ತಾಗಿ ಅದು ಹುಡುಕಾಟ ಶುರು ಮಾಡಿರಬಹುದು, ಸಾಧನ ಮಾತ್ರ ಇನ್ನೂ ಹಳೆಯ ಕನೆಕ್ಷನ್ ಹಿಡಿದುಕೊಂಡಿರಬಹುದು.

ಟೈಮ್‌ಔಟ್ ಕಡಿಮೆ ಮಾಡಬಹುದು, ಆದರೆ ಅದಕ್ಕೊಂದು ಮಿತಿ ಇದೆ. ಕನೆಕ್ಷನ್ ಇಂಟರ್ವಲ್ (ಎರಡು ಭೇಟಿಗಳ ನಡುವಿನ ಅಂತರ) 100 ಮಿಲಿಸೆಕೆಂಡ್, ಲೇಟೆನ್ಸಿ (ಸಾಧನ ಬಿಟ್ಟುಬಿಡಬಹುದಾದ ಭೇಟಿಗಳು) 9 ಅಂದುಕೊಳ್ಳಿ. ಆಗ ಸಾಧನ ಒಂದು ಸೆಕೆಂಡಿಗೊಮ್ಮೆ ಉತ್ತರಿಸಿದರೂ ತಪ್ಪಿಲ್ಲ. ಟೈಮ್‌ಔಟ್ ಅದರ ಎರಡರಷ್ಟಕ್ಕಿಂತ ಜಾಸ್ತಿ ಇರಲೇಬೇಕು, ಅಂದರೆ 2 ಸೆಕೆಂಡ್ ದಾಟಬೇಕು. ಅತಿ ಕಡಿಮೆ ಇಟ್ಟರೆ ಯಾರಾದರೂ ಅಡ್ಡ ನಿಂತರೂ ಕನೆಕ್ಷನ್ ಹೋಗುತ್ತದೆ. ಜೊತೆಗೆ ಸಾಧನ ಕೇಳಬಹುದು ಅಷ್ಟೇ, ಕೊನೆಗೆ ನಿರ್ಧರಿಸುವುದು ಫೋನ್.

ಕಡಿದ ಕಾರಣವನ್ನು ಲಾಗ್‌ನಲ್ಲಿ ಬರೆಸಿ. ಹೆಕ್ಸ್ 08 ಅಂದರೆ ಟೈಮ್‌ಔಟ್, 13 ಅಂದರೆ ಆ ಕಡೆಯವರೇ ಮುಗಿಸಿದರು, 16 ಅಂದರೆ ನಾವೇ ಮುಗಿಸಿದ್ದು. 3ಇ ಬಂದರೆ ಕನೆಕ್ಷನ್ ಕೋರಿಕೆ ಬಂತು, ಆಮೇಲೆ ಒಂದು ಪ್ಯಾಕೆಟ್ ಕೂಡ ಬರಲಿಲ್ಲ, ಕನೆಕ್ಷನ್ ನಿಜವಾಗಿ ಕೂಡಿಯೇ ಇರಲಿಲ್ಲ. ಈ ಕೊನೆಯದನ್ನು ಜನ ಮರೆಯುತ್ತಾರೆ. ಕನೆಕ್ಷನ್ ಕೂಡದಿದ್ದರೂ ಅಡ್ವರ್ಟೈಸಿಂಗ್ ಅಷ್ಟರಲ್ಲಿ ನಿಂತಾಗಿದೆ! ನಿಮ್ಮ ಕೋಡ್ ಕಾರಣದ ಸಂಖ್ಯೆ ನೋಡಿ ಕೆಲವಕ್ಕೆ ಮಾತ್ರ ಮತ್ತೆ ಶುರು ಮಾಡುತ್ತಿದ್ದರೆ, ದಯವಿಟ್ಟು ಆ ಷರತ್ತು ತೆಗೆಯಿರಿ.

ಪ್ರಶ್ನೆ: ಒಂದು ಫೋನ್ ಕನೆಕ್ಟ್ ಆಗಿರುವಾಗಲೇ ಇನ್ನೊಂದು ಫೋನಿಗೂ ಸಾಧನ ಕಾಣಬಹುದಾ?

ಉತ್ತರ: ಕಾಣಬಹುದು. ಚಿಪ್ ಮತ್ತು ಸ್ಟ್ಯಾಕ್ ಅದಕ್ಕೆ ಒಪ್ಪಬೇಕು, ಕನೆಕ್ಷನ್ ಸಂಖ್ಯೆ 1ಕ್ಕಿಂತ ಜಾಸ್ತಿ ಇರಬೇಕು. ಕನೆಕ್ಟ್ ಆದ ಕಾಲ್‌ಬ್ಯಾಕ್ ಬಂದ ಮೇಲೆ ಅಡ್ವರ್ಟೈಸಿಂಗ್ ಮತ್ತೆ ಶುರು ಮಾಡಿ.

ಪ್ರಶ್ನೆ: ಬ್ಯಾಟರಿ ಸಾಧನ. ಕಡಿದ ಮೇಲೆ ಎಷ್ಟು ವೇಗವಾಗಿ ಅಡ್ವರ್ಟೈಸ್ ಮಾಡಬೇಕು, ಎಷ್ಟು ಹೊತ್ತು?

ಉತ್ತರ: ಮೊದಲು ಬೇಗ ಬೇಗ, ಆಮೇಲೆ ನಿಧಾನ. ಎರಡು ಕೂಗುಗಳ ನಡುವಿನ ಇಂಟರ್ವಲ್ 20 ಮಿಲಿಸೆಕೆಂಡ್‌ನಿಂದ 10.24 ಸೆಕೆಂಡ್‌ವರೆಗೆ ಇಡಬಹುದು. ಪ್ರತಿ ಸಲಕ್ಕೂ 10 ಮಿಲಿಸೆಕೆಂಡ್ ಒಳಗಿನ ಒಂದು ರ್‍ಯಾಂಡಮ್ ವಿಳಂಬ ಸೇರುತ್ತದೆ, ಎರಡು ಸಾಧನಗಳು ಪದೇ ಪದೇ ಒಟ್ಟಿಗೆ ಕೂಗಿ ಡಿಕ್ಕಿ ಹೊಡೆಯಬಾರದು ಅಂತ. ಆಪಲ್ ತನ್ನ ಫೋನ್‌ಗಳಿಗೆ ಕನೆಕ್ಟ್ ಆಗುವ ಸಾಧನಗಳಿಗೆ ಹೇಳುವುದು ಹೀಗೆ: ಮೊದಲ 30 ಸೆಕೆಂಡಾದರೂ 20 ಮಿಲಿಸೆಕೆಂಡ್, ಆಮೇಲೆ 152.5, 417.5, 1022.5ರಂಥ ಕೆಲವು ನಿರ್ದಿಷ್ಟ ಇಂಟರ್ವಲ್‌ಗಳಲ್ಲಿ ಒಂದು. 20ರಲ್ಲಿ ಸೆಕೆಂಡಿಗೆ ಸುಮಾರು 40 ಸಲ ರೇಡಿಯೊ ಏಳುತ್ತದೆ, 1022.5ರಲ್ಲಿ ಹೆಚ್ಚುಕಮ್ಮಿ ಒಂದು ಸಲ. ಬ್ಯಾಟರಿಗೆ ಏನಾಗುತ್ತದೆ ಅಂತ ನೀವೇ ಅಂದಾಜು ಮಾಡಬಹುದು. ಕಡಿದ ತಕ್ಷಣದ ಅರ್ಧ ನಿಮಿಷ ಬೆಲೆಬಾಳುವಂಥದ್ದು, ಯಾಕೆಂದರೆ ಫೋನ್ ಹತ್ತಿರದಲ್ಲೇ ಇರುವ, ಹುಡುಕುತ್ತಿರುವ ಸಾಧ್ಯತೆ ಆಗಲೇ ಹೆಚ್ಚು. ಅಲ್ಲಿ ಕಂಜೂಸ್ ಮಾಡಬೇಡಿ.

ಪೂರ್ತಿ ನಿಲ್ಲಿಸುವ ಬಗ್ಗೆ ಮಾತ್ರ ಎಚ್ಚರ. ನಾರ್ಡಿಕ್‌ನ ಎನ್‌ಆರ್‌ಎಫ್5 ಎಸ್‌ಡಿಕೆಯಲ್ಲಿರುವ ಅಡ್ವರ್ಟೈಸಿಂಗ್ ಮಾಡ್ಯೂಲ್ ಫಾಸ್ಟ್, ಸ್ಲೋ, ಕೊನೆಗೆ ಐಡಲ್ ಅಂತ ಇಳಿಯುತ್ತದೆ. ಐಡಲ್‌ನಿಂದ ಎಬ್ಬಿಸಲು ಬಟನ್ನೋ ಚಲನೆಯ ಸೆನ್ಸಾರೋ ಇದ್ದರೆ ಸರಿ. ಏನೂ ಇಲ್ಲದ, ಮುಚ್ಚಿದ ಡಬ್ಬಿಯೊಳಗಿನ ಸಾಧನವನ್ನು ಐಡಲ್‌ಗೆ ಬಿಟ್ಟರೆ ಬಳಸುವವರ ಮಟ್ಟಿಗೆ ಅದು ಸತ್ತ ಹಾಗೆ. ಅಂಥದ್ದು ಕೆಲವು ಸೆಕೆಂಡಿಗೊಮ್ಮೆಯಾದರೂ ಕೂಗುತ್ತಿರಲಿ.

ಪ್ರಶ್ನೆ: ಎಲ್ಲ ಸರಿಯಾಯಿತು, ಮತ್ತೆ ಕನೆಕ್ಟ್ ಆಗುತ್ತದೆ. ಆದರೆ ಎರಡನೇ ಸಲ ನೋಟಿಫಿಕೇಶನ್ ಡೇಟಾ (ಸಾಧನ ತಾನಾಗಿ ಆ್ಯಪ್‌ಗೆ ಕಳಿಸುವ ಡೇಟಾ) ಬರುವುದೇ ಇಲ್ಲ!

ಉತ್ತರ: ಪೇರಿಂಗ್ ಮಾಡಿ ಬಾಂಡ್ (ಮುಂದಿನ ಸಲಕ್ಕೆ ಎರಡೂ ಕಡೆ ಉಳಿಸಿಡುವ ಗುಟ್ಟಿನ ಕೀಲಿ) ಉಳಿಸಿಕೊಂಡಿಲ್ಲದಿದ್ದರೆ, ಕನೆಕ್ಷನ್ ಹೋದಾಗ ನೋಟಿಫಿಕೇಶನ್ ಚಂದಾದಾರಿಕೆಯೂ ಹೋಗುತ್ತದೆ. ಆ್ಯಪ್ ಪ್ರತಿ ಸಲ ಕನೆಕ್ಟ್ ಆದ ಮೇಲೂ ಅದನ್ನು ಮತ್ತೆ ಆನ್ ಮಾಡಬೇಕು. ಬಾಂಡ್ ಇದ್ದರೆ ಸಾಧನ ಅದನ್ನು ನೆನಪಿಟ್ಟುಕೊಳ್ಳಬೇಕು, ಅದೂ ಫ್ಲ್ಯಾಶ್‌ನಲ್ಲಿ, ಬ್ಯಾಟರಿ ಬದಲಿಸಿದರೂ ಉಳಿಯುವ ಹಾಗೆ. ಮೊದಲು ಆ್ಯಪ್ ಕಡೆ ನೋಡಿ.