ಕಾನೂನು ಕಟ್ಟೆ: ಪಂಚಾಯ್ತಿಯ ಬಿಡುಗಡೆ ಪತ್ರ, ಡೇರಿ ಪಾಸ್‌ಬುಕ್, ಅಪ್ಪನ ಉಯಿಲು

(ಈ ಸಲದ ಕಾಗದಗಳೆಲ್ಲ ಮಂಡ್ಯ, ಮೈಸೂರು ಸೀಮೆಯವು. ಉತ್ತರಗಳು ಹಿಂದೂ ವಿವಾಹ ಮತ್ತು ಉತ್ತರಾಧಿಕಾರ ಕಾಯ್ದೆಗಳಿಗೆ ಒಳಪಟ್ಟ ಕುಟುಂಬಗಳಿಗೆ ಅನ್ವಯಿಸುತ್ತವೆ.)

ಪ್ರಶ್ನೆ: ಎರಡು ವರ್ಷದ ಹಿಂದೆ ಊರಿನ ಯಜಮಾನರು ಪಂಚಾಯ್ತಿ ಸೇರಿಸಿ ನನಗೂ ಗಂಡನಿಗೂ ಬಿಡುಗಡೆ ಮಾಡಿಸಿದರು. ನೂರು ರೂಪಾಯಿ ಛಾಪಾ ಕಾಗದದಲ್ಲಿ ಬರೆದು, ನೋಟರಿ ಮೊಹರು ಹಾಕಿಸಿ, 3 ಲಕ್ಷ ಕೊಡಿಸಿದರು. ಮಕ್ಕಳಿಲ್ಲ. ಈಗ ಅಣ್ಣ ಬೇರೆ ಗಂಡು ನೋಡಿದ್ದಾನೆ. ಅವರ ಕಡೆಯವರು ‘ಕೋರ್ಟ್ ಆರ್ಡರ್ ತನ್ನಿ’ ಅನ್ನುತ್ತಿದ್ದಾರೆ. ನೋಟರಿ ಆಗಿದ್ದರೆ ಸಾಲದೆ?
— ಹೆಸರು ಬೇಡ, ಮಳವಳ್ಳಿ ತಾಲ್ಲೂಕು

ಉತ್ತರ: ಸಾಲದು. ಗಂಡಿನ ಕಡೆಯವರು ಕೇಳಿದ್ದು ಸರಿಯಾಗಿಯೇ ಇದೆ. ನೋಟರಿ ಮೊಹರು ಹೇಳುವುದು ಇಷ್ಟೇ: ಈ ದಿನ ಇಂಥವರು ನನ್ನೆದುರು ರುಜು ಹಾಕಿದರು. ಮದುವೆ ಮುರಿಯುವ ಅಧಿಕಾರ ನೋಟರಿಗಿಲ್ಲ, ಯಜಮಾನರಿಗಿಲ್ಲ, ಠಾಣೆಯಲ್ಲಿ ಬರೆಸಿದ ಮುಚ್ಚಳಿಕೆಗೂ ಇಲ್ಲ. ಕಾನೂನಿನ ಕಣ್ಣಲ್ಲಿ ನೀವಿಬ್ಬರೂ ಇವತ್ತಿಗೂ ಗಂಡ ಹೆಂಡತಿ. ಹೀಗಿರುವಾಗ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು. ಅದರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷದವರೆಗೆ ಶಿಕ್ಷೆಯೂ ಆಗಬಹುದು. ನಿಮ್ಮ ಗಂಡ ಮರುಮದುವೆಯಾದರೂ ಇದೇ ಮಾತು.

‘ನಮ್ಮ ಜಾತಿಯಲ್ಲಿ ಬಿಡುಗಡೆ, ಸೀರುಡಿಕೆ (ಸೀರೆ ಉಡಿಸಿ ಮಾಡುವ ಮರುಮದುವೆ) ಹಿಂದಿನಿಂದ ಉಂಟು’ ಎಂಬ ಮಾತು ಪೂರ್ತಿ ಸುಳ್ಳಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಮು ರೂಢಿಯ ವಿಚ್ಛೇದನವನ್ನು ಉಳಿಸಿದೆ. ಆದರೆ ಆ ರೂಢಿ ಪುರಾತನವಾದದ್ದು, ಎಡೆಬಿಡದೆ ನಡೆದು ಬಂದದ್ದು ಎಂದು ಸಾಕ್ಷಿ ಸಮೇತ ಸಾಬೀತು ಮಾಡುವ ಹೊರೆ ಅದನ್ನು ಹೇಳುವವರ ಮೇಲೆಯೇ. ಯಜಮಾನರ ಬಾಯಿಮಾತು ಅಲ್ಲಿ ನಿಲ್ಲುವುದು ಅಪರೂಪ. ಆ ದಾರಿ ಹಿಡಿಯಬೇಡಿ.

ನಿಮಗೆ ಹತ್ತಿರದ ದಾರಿ ಅದೇ ಕಾಯ್ದೆಯ 13ಬಿ ಕಲಮಿನ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಛಾಪಾ ಕಾಗದವನ್ನು ಮಾತ್ರ ಹರಿದು ಹಾಕಬೇಡಿ. ಅದು ಬಿಡುಗಡೆಯ ಪತ್ರವಾಗದಿದ್ದರೂ, ಯಾವ ದಿನದಿಂದ ಬೇರೆ ಇದ್ದೀರಿ, ಎಷ್ಟು ಹಣ ಕೈಸೇರಿದೆ ಎಂಬುದಕ್ಕೆ ಒಳ್ಳೆಯ ಪುರಾವೆ. ಅರ್ಜಿ ಹಾಕಲು ಕನಿಷ್ಠ 1 ವರ್ಷ ಬೇರೆ ಇದ್ದಿರಬೇಕು, ನಿಮಗೆ 2 ವರ್ಷ ಆಗಿದೆ. ಲಗ್ನಪತ್ರಿಕೆ, ಮದುವೆ ಫೋಟೊ, ಇಬ್ಬರ ಆಧಾರ್, ಬೇರೆ ವಾಸಕ್ಕೆ ದಾಖಲೆ ಇಟ್ಟು ಇಬ್ಬರೂ ಸೇರಿ ಅರ್ಜಿ ಸಲ್ಲಿಸಿ. 3 ಲಕ್ಷ ಸಂದಾಯವಾದದ್ದನ್ನು, ಒಡವೆ ಪಾತ್ರೆ ವಾಪಸಾಗಿದೆಯೋ ಇಲ್ಲವೋ ಎಂಬುದನ್ನು ಅರ್ಜಿಯಲ್ಲೇ ಬರೆಸಿ.

ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಕಾದು ಎರಡನೇ ಸಲ ಇಬ್ಬರೂ ಒಪ್ಪಿಗೆ ಹೇಳಬೇಕು. ಈ 6 ತಿಂಗಳನ್ನು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅದಕ್ಕೆ ನ್ಯಾಯಾಲಯ ನೋಡುವುದು: ಅರ್ಜಿಗೆ ಮೊದಲೇ ಬೇರೆ ವಾಸ ಒಂದೂವರೆ ವರ್ಷ ದಾಟಿದೆಯೇ, ರಾಜಿ ಸಂಧಾನ ಮುರಿದುಬಿದ್ದಿದೆಯೇ, ಹಣಕಾಸು, ಒಡವೆ, ಮಕ್ಕಳ ವಿಚಾರ ತೀರ್ಮಾನವಾಗಿದೆಯೇ. ನಿಮ್ಮ ಪ್ರಕರಣ ಇದಕ್ಕೆ ಹೊಂದುತ್ತದೆ. ಅರ್ಜಿಯ ಮೇಲಿನ ಮೊದಲ ಹೇಳಿಕೆ ಮುಗಿದು ಒಂದು ವಾರದ ಮೇಲೆ ಮನ್ನಾ ಅರ್ಜಿ ಹಾಕಿಸಿ.

ಇಂಥ ಕೇಸು ಕೆಡುವುದು ಎರಡನೇ ಹೇಳಿಕೆಯ ಹೊತ್ತಿಗೆ. ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಆಗುವ ಮೊದಲು ಯಾರಾದರೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಂಡರೆ ಅರ್ಜಿ ಬಿದ್ದುಹೋಗುತ್ತದೆ. ಬಾಕಿ ಹಣ ಬರಬೇಕಾದವರು ಅದನ್ನು ಆ ದಿನವೇ, ನ್ಯಾಯಾಧೀಶರ ಎದುರಿಗೇ ಡಿಡಿ ರೂಪದಲ್ಲಿ ಕೊಡುವಂತೆ ಬರೆಸಿಕೊಳ್ಳುವುದು ಇದಕ್ಕೇ. ಡಿಕ್ರಿಯ ದೃಢೀಕೃತ ನಕಲು ಕೈಗೆ ಬಂದಮೇಲೆಯೇ ಲಗ್ನಪತ್ರಿಕೆ ಅಚ್ಚು ಹಾಕಿಸಿ.

ಪ್ರಶ್ನೆ: ಜೀವನಾಂಶ ಕೇಳಿದರೆ ನನ್ನ ಗಂಡ ‘ನಾನು ಬಡ ರೈತ, ಆದಾಯವೇ ಇಲ್ಲ, ಜಮೀನು ಅಪ್ಪನ ಹೆಸರಲ್ಲಿದೆ’ ಅನ್ನುತ್ತಾರೆ. ಇರುವುದು 4 ಎಕರೆ ನಾಲಾ ಬಯಲಿನ ಕಬ್ಬಿನ ಗದ್ದೆ, 3 ಸೀಮೆಹಸು. ಸಂಬಳದ ಚೀಟಿ ಇಲ್ಲದವರ ಆದಾಯ ತೋರಿಸುವುದು ಹೇಗೆ? ನಾನು ತವರಲ್ಲಿ ಬಟ್ಟೆ ಹೊಲಿಯುತ್ತೇನೆ, ಒಬ್ಬ ಮಗ ಇದ್ದಾನೆ.
— ಒಬ್ಬ ತಾಯಿ, ಮದ್ದೂರು

ಉತ್ತರ: ರೈತನ ಆದಾಯಕ್ಕೂ ಕಾಗದ ಇರುತ್ತದೆ. ಅದು ಒಂದೇ ಕಡೆ ಇರುವುದಿಲ್ಲ, ಅಷ್ಟೆ.

ಮೊದಲು ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಹಕ್ಕುದಾರರ ಹೆಸರು, 11ರಲ್ಲಿ ಬ್ಯಾಂಕ್ ಅಥವಾ ಸೊಸೈಟಿ ಸಾಲ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. ಮಾವನ ಹೆಸರಲ್ಲಿದ್ದರೂ ಜಮೀನು ಪಿತ್ರಾರ್ಜಿತವಾದರೆ ಅದರಲ್ಲಿ ಗಂಡನಿಗೆ ಹುಟ್ಟಿನಿಂದಲೇ ಪಾಲುಂಟು. ‘ಅಪ್ಪನದು’ ಎಂದ ಮಾತ್ರಕ್ಕೆ ಕೈ ತೊಳೆದುಕೊಳ್ಳಲಾಗದು. ಕಾರ್ಖಾನೆಗೆ ಕಬ್ಬು ಸಾಗಿಸಿದ್ದರೆ ಬಿಲ್ಲಿನ ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ಆಲೆಮನೆಗೆ ಹಾಕಿದ್ದರೆ ರಸೀದಿ ಸಿಕ್ಕುವುದು ಕಷ್ಟ. ಆಗ ಎಷ್ಟು ಎಕರೆ, ಯಾವ ಬೆಳೆ ಎಂಬ ಪಹಣಿಯ ನಮೂದೇ ಆಧಾರ. ಹಾಲಿಗೆ ಡೇರಿ ಪಾಸ್‌ಬುಕ್ ಇದೆ: ದಿನಕ್ಕೆ ಎಷ್ಟು ಲೀಟರ್, ಬಟವಾಡೆ ಎಷ್ಟು, ಎಲ್ಲ ಅದರಲ್ಲಿ. ಇಲ್ಲಿ ಒಂದು ಚಾಲಾಕಿ ಉಂಟು. ಕೇಸು ಬಿದ್ದ ಕೂಡಲೇ ಹಾಲು ಅತ್ತೆಯ ಹೆಸರಿಗೆ ಹೋಗತೊಡಗುತ್ತದೆ. ಅದಕ್ಕೇ ಕೇಸಿಗೆ ಹಿಂದಿನ ಒಂದೆರಡು ವರ್ಷದ ಲೆಕ್ಕವನ್ನೂ ಕೇಳಿ. ದಾಖಲೆ ನೀವೇ ತರಲಾಗದಿದ್ದರೆ ಸಂಘದ ಕಾರ್ಯದರ್ಶಿಗೆ, ಬ್ಯಾಂಕಿಗೆ ಸಮನ್ಸ್ ಕಳಿಸಿ ಪುಸ್ತಕ ತರಿಸುವಂತೆ ನ್ಯಾಯಾಲಯವನ್ನು ಕೋರಬಹುದು.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ ಮತ್ತು ಹೊಣೆಗಾರಿಕೆಯ ಪ್ರಮಾಣಪತ್ರ ಸಲ್ಲಿಸಬೇಕೆಂದು ಕಡ್ಡಾಯ ಮಾಡಿತು. ಕೃಷಿಕರಿಗೆಂದೇ ಬೇರೆ ನಮೂನೆ ಕೊಟ್ಟಿದೆ: ಜಮೀನು, ಬೆಳೆ, ದನಕರುಗಳ ವಿವರ ಅದರಲ್ಲಿ ತುಂಬಬೇಕು. ಪೇಟೆಯ ನೌಕರರ ನಮೂನೆಯನ್ನೇ ಎದುರಾಳಿ ತುಂಬಿ ‘ಸಂಬಳ ಇಲ್ಲ’ ಎಂದು ಬರೆದು ಕೊಟ್ಟರೆ ನಿಮ್ಮ ವಕೀಲರು ಅಲ್ಲೇ ಆಕ್ಷೇಪಿಸಬೇಕು.

ಈ ಪ್ರಮಾಣಪತ್ರ ನಿಮಗೂ ಅನ್ವಯ. ಹೊಲಿಗೆಯ ದುಡ್ಡನ್ನು ಮುಚ್ಚಿಡಬೇಡಿ. ದುಡಿಯುವ ಹೆಂಡತಿಗೆ ಜೀವನಾಂಶ ಇಲ್ಲ ಎಂಬ ನಿಯಮವಿಲ್ಲ. ಆ ದುಡ್ಡು ಬದುಕಿಗೆ ಸಾಲುತ್ತದೆಯೇ ಎಂಬುದಷ್ಟೇ ಪ್ರಶ್ನೆ. ತಿಂಗಳಿಗೆ 4 ಸಾವಿರ ಬರುತ್ತಿದ್ದರೆ 4 ಸಾವಿರ ಎಂದೇ ಬರೆಯಿರಿ. ‘ಏನೂ ಇಲ್ಲ’ ಎಂದು ಬರೆದು, ಪಾಟೀ ಸವಾಲಿನಲ್ಲಿ ಫೋನ್‌ಪೇ ಲೆಕ್ಕ ಹೊರಬಿದ್ದರೆ ನಿಮ್ಮ ನಿಜವಾದ ಮಾತುಗಳಿಗೂ ತೂಕ ಹೋಗುತ್ತದೆ. ಅದೇ ರೀತಿ ‘ಗಂಡನಿಗೆ ತಿಂಗಳಿಗೆ 2 ಲಕ್ಷ’ ಎಂಬ ಅಂದಾಜೂ ಬೇಡ.

ಅರ್ಜಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125). ನೀವು ಈಗ ತವರಿನಲ್ಲಿರುವ ಕಡೆಯೇ ಹಾಕಬಹುದು. ಊರು ಕೌಟುಂಬಿಕ ನ್ಯಾಯಾಲಯದ ವ್ಯಾಪ್ತಿಗೆ ಬಂದರೆ ಅಲ್ಲಿ, ಇಲ್ಲವಾದರೆ ಜೆಎಂಎಫ್‌ಸಿಯಲ್ಲಿ (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ ನ್ಯಾಯಾಲಯ). ಮಗನಿಗೆ ಬೇರೆ ಮೊತ್ತ, ನಿಮಗೆ ಬೇರೆ ಮೊತ್ತ ಎಂದು ಬಿಡಿಸಿ ಕೇಳಿ: ಶಾಲೆ ಫೀಸು, ಔಷಧಿ, ದಿನಸಿ, ಹಾಲು. ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಮೊದಲ ದಿನವೇ ಜೊತೆಗಿಡಿ. ನೋಟಿಸ್ ತಲುಪಿದ 60 ದಿನದೊಳಗೆ, ಸಾಧ್ಯವಾದಮಟ್ಟಿಗೆ, ಅದು ತೀರ್ಮಾನವಾಗಬೇಕೆಂದು ಕಾನೂನೇ ಹೇಳುತ್ತದೆ. ಗಂಡನ ವಿಳಾಸ ತಪ್ಪಿದ್ದರೆ ನೋಟಿಸ್ ಜಾರಿಯಾಗುವುದರಲ್ಲೇ ಆರು ತಿಂಗಳು ಹೋದೀತು. ಮೊಬೈಲ್ ನಂಬರ್, ಮನೆಯ ಗುರುತು, ಎಲ್ಲ ಬರೆಸಿ.

ಆದೇಶವಾದಮೇಲೂ ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಬಾಕಿ ಬಿದ್ದ ದಿನದಿಂದ 1 ವರ್ಷದೊಳಗೆ ಹಾಕದಿದ್ದರೆ ಈ ಕಲಮಿನಡಿ ವಾರಂಟ್ ಸಿಗದು. ಬಹಳ ಜನ ‘ಒಟ್ಟಿಗೆ ಕೇಳೋಣ’ ಎಂದು ಕಾಯುತ್ತಾ ಹಳೆಯ ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ. ಬಾಕಿಗಾಗಿ ಜೈಲಿಗೆ ಹೋಗಿ ಬಂದರೂ ಸಾಲ ತೀರಿದಂತಾಗುವುದಿಲ್ಲ.

ವಕೀಲರ ಫೀಸಿನ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಹೆಂಡತಿ 4 ವರ್ಷದ ಮಗಳೊಂದಿಗೆ ನಾಗಮಂಗಲದ ತವರಲ್ಲಿದ್ದಾಳೆ. ಆರು ತಿಂಗಳಿಂದ ಮಗುವಿನ ಮುಖ ತೋರಿಸಿಲ್ಲ. ತಂದೆಯಾಗಿ ಹೋಗಿ ಕರೆತರಬಹುದೇ? ಖರ್ಚಿಗೆ ಕೊಡುತ್ತಿದ್ದ ದುಡ್ಡು ನಿಲ್ಲಿಸಬಹುದೇ?
— ಕುವೆಂಪುನಗರ, ಮೈಸೂರು

ಉತ್ತರ: ಎರಡೂ ಬೇಡ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಸು ಮತ್ತು ಪೋಷಕತ್ವ ಕಾಯ್ದೆ ಹೇಳುತ್ತದೆ. ಬಲವಂತವಾಗಿ ಕರೆತಂದರೆ ಅದೇ ನಿಮ್ಮ ವಿರುದ್ಧದ ಮೊದಲ ಸಾಕ್ಷಿ. ದುಡ್ಡು ನಿಲ್ಲಿಸುವುದು ಎರಡನೆಯದು. ಬ್ಯಾಂಕ್ ಮೂಲಕವೇ ಕಳಿಸುತ್ತಿರಿ, ದಾಖಲೆ ಉಳಿಯಲಿ.

ಅರ್ಜಿ ಹಾಕಬೇಕಾದ್ದು ಮಗು ವಾಸವಿರುವ ಮಂಡ್ಯ ಜಿಲ್ಲೆಯಲ್ಲಿ, ಮೈಸೂರಿನಲ್ಲಲ್ಲ. ಇಲ್ಲಿ ಹಾಕಿ ವ್ಯಾಪ್ತಿಯ ತಕರಾರಿನಲ್ಲೇ ವರ್ಷ ಕಳೆದವರಿದ್ದಾರೆ. ‘ಭೇಟಿಗೆ ಅವಕಾಶ ಕೊಡಿಸಿ’ ಎಂದಷ್ಟೇ ಕೇಳಬೇಡಿ. 2 ಮತ್ತು 4ನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5, ಮಗುವನ್ನು ಒಪ್ಪಿಸುವ ಜಾಗ, ಬುಧವಾರ ರಾತ್ರಿ 7ಕ್ಕೆ ವಿಡಿಯೊ ಕರೆ, ದಸರಾ ರಜೆಯಲ್ಲಿ ಅರ್ಧ, ಹೀಗೆ ಬಿಡಿಬಿಡಿಯಾಗಿ ಬರೆಯಿರಿ. ಆದೇಶ ಅಸ್ಪಷ್ಟವಾಗಿದ್ದರೆ ಪ್ರತಿ ಶನಿವಾರವೂ ಜಗಳ. ಇನ್ನೊಂದು ಮಾತು: 5 ತುಂಬಿದ ದಿನ ಮಗು ತಾನಾಗಿ ತಂದೆಗೆ ಬರುವುದಿಲ್ಲ. ಆಗಲೂ ಮಗುವಿನ ಹಿತವೇ ಅಳತೆ.

ಪ್ರಶ್ನೆ: ನನಗೆ 72. ಹೆಂಡತಿ ತೀರಿಕೊಂಡಿದ್ದಾಳೆ. ಮುತ್ತಜ್ಜನ ಕಾಲದಿಂದ ಬಂದ, ಭಾಗವಾಗದ 3 ಎಕರೆ, ನಾನೇ ದುಡಿದು ಕಟ್ಟಿದ ಮನೆ ಇದೆ. ಇಬ್ಬರು ಗಂಡುಮಕ್ಕಳು, 1998ರಲ್ಲಿ ಮದುವೆಯಾದ ಒಬ್ಬ ಮಗಳು. ನೋಡಿಕೊಳ್ಳುತ್ತಿರುವ ಕಿರಿಮಗನಿಗೇ ಎಲ್ಲ ಬರೆಯಬಹುದೇ?
— ಪಾಂಡವಪುರ

ಉತ್ತರ: ಯಜಮಾನರೇ, ಮನೆಯನ್ನು ಬರೆಯಬಹುದು, ಜಮೀನನ್ನೆಲ್ಲ ಬರೆಯಲಾಗದು. ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಪಾಲುದಾರಳು. ಮದುವೆ ಯಾವಾಗ ಆಯಿತೆಂಬುದು ಲೆಕ್ಕಕ್ಕಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೀಗೆಯೇ ಅರ್ಥೈಸಿದೆ. ನೀವು ಮತ್ತು ಮೂವರು ಮಕ್ಕಳು ಸೇರಿ ನಾಲ್ಕು ಪಾಲು. 3 ಎಕರೆ ಅಂದರೆ 120 ಗುಂಟೆ, ನಿಮ್ಮದು 30 ಗುಂಟೆ. ಅಷ್ಟನ್ನು ಮಾತ್ರ ಉಯಿಲಿನಲ್ಲಿ ಬರೆಯಬಹುದು. ‘ಮದುವೆಗೆ ಖರ್ಚು ಮಾಡಿದ್ದೇವೆ, ಅವಳಿಗೆ ಭಾಗವಿಲ್ಲ’ ಎಂಬುದು ಕಾನೂನಲ್ಲ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಇಬ್ಬರು ಸಾಕ್ಷಿಗಳು ನಿಮ್ಮ ರುಜು ನೋಡಿ, ನಿಮ್ಮೆದುರೇ ರುಜು ಹಾಕಬೇಕು. ಅವರು ನಿಮಗಿಂತ ಚಿಕ್ಕವರಿರಲಿ, ಏಕೆಂದರೆ ಮುಂದೆ ತಕರಾರು ಬಂದರೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ. ಸರ್ವೆ ನಂಬರ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸರಿಯಾಗಿರಲಿ. ಉಳಿದಿಬ್ಬರಿಗೆ ಮನೆ ಏಕೆ ಕೊಡಲಿಲ್ಲ ಎಂದು ಎರಡು ಸಾಲು ಬರೆಯಿರಿ.

ಬರೆಸುವ ದಿನ ಕಿರಿಮಗನನ್ನು ದೂರವಿಡಿ. ಅವನೇ ವಕೀಲರನ್ನು ಹುಡುಕಿ, ಸಾಕ್ಷಿಗಳನ್ನು ಕರೆತಂದು, ಪಕ್ಕದಲ್ಲಿ ನಿಂತರೆ ಉಯಿಲಿನ ಮೇಲೆ ಅನುಮಾನ ಬೀಳುತ್ತದೆ. ಉಯಿಲಿನಿಂದ ಲಾಭ ಪಡೆಯುವವನೇ ಅದನ್ನು ಬರೆಸಲು ಓಡಾಡಿದ್ದರೆ ಆ ಅನುಮಾನ ಕಳೆಯುವ ಹೊಣೆ ಅವನದೇ ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದು ನಮ್ಮ ಮೈಸೂರು ರಾಜ್ಯದಿಂದಲೇ ಹೋದ ಪ್ರಕರಣದಲ್ಲಿ, ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ದೇಶದ ಕೋರ್ಟುಗಳು ಇಂದಿಗೂ ಅದನ್ನೇ ಉದ್ಧರಿಸುತ್ತವೆ.

‘ಉಯಿಲು ಯಾಕೆ, ಈಗಲೇ ದಾನಪತ್ರ ಮಾಡಿ’ ಎಂದು ಯಾರಾದರೂ ಅವಸರಿಸಿದರೆ ಸ್ವಲ್ಪ ತಡೆಯಿರಿ. ಉಯಿಲನ್ನು ಬದುಕಿರುವತನಕ ಬದಲಿಸಬಹುದು, ದಾನಪತ್ರವನ್ನು ಹಾಗೆ ಬದಲಿಸಲಾಗದು. ಮಾಡಲೇಬೇಕೆಂದಾದರೆ ‘ಊಟ, ವಸತಿ, ವೈದ್ಯಕೀಯ ಖರ್ಚು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ’ ಎಂಬ ಸಾಲು ಪತ್ರದೊಳಗೇ ಇರಲಿ. ಮಗ ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಪಾಂಡವಪುರದ ಉಪವಿಭಾಗಾಧಿಕಾರಿ ಮುಂದೆ ಅದನ್ನು ರದ್ದು ಮಾಡಿಸಲು ಆ ಸಾಲೇ ಬೇಕಾಗುವುದು.