ಹಳೆಯ ಆಫೀಸು ಹಾಸ್ಯ ಧಾರಾವಾಹಿಗಳಲ್ಲಿ ದಿಟ್ಟತನ ಎಲ್ಲಿತ್ತು?

ಮಾನ್ಯ ಮಿತ್ರರೇ,

ಕೆಲಸದ ಜಾಗದಲ್ಲಿ ನಡೆಯುವ ಹಳೆಯ ಇಂಗ್ಲಿಷ್ ಹಾಸ್ಯ ಧಾರಾವಾಹಿಗಳನ್ನು ಮಗಳ ಜೊತೆ ಕೂತು ನೋಡಬೇಕೆಂದಿರುವುದಾಗಿಯೂ, ಆದರೆ ಅಮೆರಿಕದ ‘ದಿ ಆಫೀಸ್’ ವಿಷಯದಲ್ಲಿ ‘ಇಂಥವನ್ನು ತೆಗೆಯುವ ಎದೆಗಾರಿಕೆ ಈಗ ಯಾರಿಗಿದೆ’ ಎಂದು ನೀವೂ ‘ಅದು ಎದೆಗಾರಿಕೆಯಲ್ಲ, ಬರೀ ಒರಟುತನ’ ಎಂದು ಅವಳೂ ವಾದಕ್ಕಿಳಿದಿರುವುದಾಗಿಯೂ ಬರೆದಿದ್ದೀರಿ. ಯಾವ ಕಂತುಗಳಿಂದ ಆರಂಭಿಸಬೇಕೆಂದೂ ಕೇಳಿದ್ದೀರಿ. ಈ ಧಾರಾವಾಹಿಗಳನ್ನು ಮತ್ತೆ ಮತ್ತೆ ನೋಡಿದವನಾಗಿ ನನಗೆ ಅನಿಸಿದ್ದನ್ನು ಹೇಳುತ್ತೇನೆ. ಇಂದು ನಮಗೆ ಮುಜುಗರ ತರುವ ತಮಾಷೆಗಳಲ್ಲಿ ಹೆಚ್ಚಿನವು ಆ ಕಾಲಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲದ, ಅತ್ಯಂತ ಸುರಕ್ಷಿತವಾದ ತಮಾಷೆಗಳಾಗಿದ್ದವು. ಚಾನೆಲ್ಲಿನ ಅಧಿಕಾರಿಗಳ ನಿದ್ದೆಗೆಡಿಸಿದ ಮಾತುಗಳಾದರೋ ಈಗ ಎಷ್ಟು ಸಾಮಾನ್ಯವಾಗಿವೆಯೆಂದರೆ, ಕಣ್ಣೆದುರಿಗೇ ಬಂದರೂ ನಾವು ಗಮನಿಸುವುದಿಲ್ಲ. ಆದ್ದರಿಂದ ಮುಜುಗರವನ್ನೇ ಅಳತೆಗೋಲಾಗಿ ಹಿಡಿದರೆ ನಿಮ್ಮಿಬ್ಬರ ಲೆಕ್ಕವೂ ತಪ್ಪುತ್ತದೆ.

ಇದಕ್ಕೆ ‘ಮ್ಯಾಶ್’ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಈ ಕಥೆ 1972ರಿಂದ 1983ರವರೆಗೆ ಅಮೆರಿಕದ ಸಿಬಿಎಸ್ ಎಂಬ ಟಿವಿ ಚಾನೆಲ್ಲಿನಲ್ಲಿ ನಡೆಯಿತು. ಆರಂಭದ ವರ್ಷಗಳಲ್ಲಿ ವೈದ್ಯರು ನರ್ಸ್‌ಗಳ ಬೆನ್ನುಹತ್ತುವುದೇ ನಗೆಯ ಮುಖ್ಯ ಸರಕು. ಮುಖ್ಯ ನರ್ಸ್ ಮೇಜರ್ ಹೂಲಿಹಾನ್‌ಳನ್ನು ಆಕೆಯ ತುಟಿಗಳ ಮೇಲೆ ಕಟ್ಟಿದ ಅಡ್ಡಹೆಸರಿನಿಂದ ಕರೆಯುತ್ತಾರೆ. ಮೊದಲ ಕೆಲವು ಕಂತುಗಳಲ್ಲಿರುವ ಕಪ್ಪು ವರ್ಣದ ಶಸ್ತ್ರವೈದ್ಯನ ಅಡ್ಡಹೆಸರಂತೂ ಜನಾಂಗೀಯ ಬೈಗುಳವೇ. ಇವು ಯಾವುವಕ್ಕೂ ತಡೆ ಬರಲಿಲ್ಲ. ಚಾನೆಲ್ ತಡೆದದ್ದು, ಲೈಂಗಿಕ ಅನುಭವವಿಲ್ಲದವರು ಎಂಬರ್ಥದ ‘ವರ್ಜಿನ್’ ಎಂಬ ಒಂದು ಪದವನ್ನು! ಧಾರಾವಾಹಿಯ ಬರಹಗಾರ ಲ್ಯಾರಿ ಗೆಲ್ಬಾರ್ಟ್ ಇದನ್ನು ಮುಂದೆ ಹೇಳಿಕೊಂಡಿದ್ದಾರೆ: ಪದವನ್ನು ಕತ್ತರಿಸಿದ ಮೇಲೆ ಅವರು ಇನ್ನೊಂದು ಕಂತಿನಲ್ಲಿ ಗಾಯಗೊಂಡ ಸೈನಿಕನೊಬ್ಬನನ್ನು ವರ್ಜಿನ್ ದ್ವೀಪಗಳ ಊರಿನವನನ್ನಾಗಿ ಮಾಡಿ ಅದೇ ಪದವನ್ನು ಒಳಗೆ ತಂದರು. ಆ ಧಾರಾವಾಹಿಯ ನಿಜವಾದ ಸಾಹಸವೆಂದರೆ, ವಿಯೆಟ್ನಾಂ ಯುದ್ಧ ಇನ್ನೂ ಮುಗಿಯದಿದ್ದಾಗ, ಯುದ್ಧವೆಂಬುದು ಹುಡುಗರ ಹೊಟ್ಟೆ ಹೊಲಿಯುವ ಕೆಲಸ ಎಂಬುದನ್ನು ವಾರವಾರವೂ ಮನೆಮನೆಗೆ ತಲುಪಿಸಿದ್ದು. ಹಿನ್ನೆಲೆಯಲ್ಲಿ ನಗುವಿನ ಧ್ವನಿ ಇರಲೇಬೇಕೆಂದು ಚಾನೆಲ್ ಹಟ ಹಿಡಿದಾಗ, ಆಪರೇಷನ್ ಕೋಣೆಯ ದೃಶ್ಯಗಳಲ್ಲಾದರೂ ಬೇಡವೆಂದು ತಂಡದವರು ಒಪ್ಪಿಸಿದರು. 1975ರ ಮಾರ್ಚ್‌ನಲ್ಲಿ ಆಸ್ಪತ್ರೆಯ ಮುಖ್ಯಸ್ಥ ಕರ್ನಲ್ ಹೆನ್ರಿ ಬ್ಲೇಕ್‌ನ ಸಾವಿನ ಸುದ್ದಿಯನ್ನು ಓದುವುದೂ ಅದೇ ಕೋಣೆಯಲ್ಲಿ.

ಎರಡನೆಯದು ‘ದಿ ಮೇರಿ ಟೈಲರ್ ಮೂರ್ ಶೋ’, 1970ರಿಂದ 1977. ಇದು ಸಪ್ಪೆ, ಸಭ್ಯ ಧಾರಾವಾಹಿಯೆಂದು ಬಹಳ ಜನ ಬದಿಗಿಡುತ್ತಾರೆ. ನನಗೆ ಇದರ ಬಗ್ಗೆ ವಿಶೇಷ ಪ್ರೀತಿಯಿದೆ, ಅದನ್ನು ಮುಚ್ಚಿಡುವುದಿಲ್ಲ. ನಾಯಕಿ ಮೇರಿಯನ್ನು ವಿಚ್ಛೇದಿತೆಯನ್ನಾಗಿ ತೋರಿಸಬೇಕೆಂದಿದ್ದರು, ಚಾನೆಲ್ ಒಪ್ಪಲಿಲ್ಲ, ಆದ್ದರಿಂದ ಆಕೆ ಮದುವೆಯ ಮಾತುಕತೆ ಮುರಿದುಕೊಂಡು ಬಂದವಳಾದಳು. ಮೊದಲ ಕಂತಿನ ಸಂದರ್ಶನವನ್ನು ತಾಳ್ಮೆಯಿಂದ ನೋಡಿ. ಟಿವಿ ಕೇಂದ್ರವೊಂದರ ಸುದ್ದಿ ವಿಭಾಗದ ಮುಖ್ಯಸ್ಥ ಲೂ ಗ್ರಾಂಟ್ ಆಕೆಯ ಧರ್ಮ ಯಾವುದೆಂದು ಕೇಳುತ್ತಾನೆ. ಕೆಲಸಕ್ಕೆ ಬಂದವರಿಗೆ ಹಾಗೆ ಕೇಳುವಂತಿಲ್ಲ, ಅದು ಕಾನೂನಿಗೆ ವಿರುದ್ಧ ಎಂದು ಆಕೆ ಅಳುಕುತ್ತಲೇ ಹೇಳಿದರೆ, ಪೊಲೀಸರನ್ನು ಕರೆಸುತ್ತೀಯಾ ಎನ್ನುತ್ತಾನೆ. ಆಕೆ ಕೇಳಿ ಬಂದ ಕಾರ್ಯದರ್ಶಿಯ ಕೆಲಸ ಆಗಲೇ ಭರ್ತಿಯಾಗಿದೆ. ಸಹಾಯಕ ನಿರ್ಮಾಪಕಿಯ ಹುದ್ದೆಯೊಂದಿದೆ, ಆದರೆ ಅದಕ್ಕೆ ವಾರಕ್ಕೆ ಹತ್ತು ಡಾಲರ್ ಕಡಿಮೆ ಸಂಬಳ. ಹದಿನೈದು ಡಾಲರ್ ಕಡಿಮೆಗೆ ಒಪ್ಪುವುದಾದರೆ ನಿರ್ಮಾಪಕಿಯನ್ನೇ ಮಾಡುತ್ತೇನೆ ಎಂದು ಆತ ಹೇಳುತ್ತಾನೆ, ನನಗೆ ಸಹಾಯಕಿಯ ಹುದ್ದೆಯಷ್ಟೇ ಕೈಗೆಟುಕುವುದು ಎನ್ನುತ್ತಾಳೆ ಆಕೆ. 1972ರ ಇನ್ನೊಂದು ಕಂತಿನಲ್ಲಿ, ತನ್ನ ಹುದ್ದೆಯಲ್ಲಿ ಮೊದಲಿದ್ದ ಗಂಡಸಿಗೆ ಹೆಚ್ಚು ಸಂಬಳವಿತ್ತೆಂದು ಆಕೆಗೆ ತಿಳಿಯುತ್ತದೆ. ಅವನಿಗೆ ಸಾಕಬೇಕಾದ ಸಂಸಾರವಿತ್ತು ಎಂಬುದು ಲೂ ಕೊಡುವ ಸಮಜಾಯಿಷಿ. ಹಾಗಿದ್ದರೆ ಮೂರು ಮಕ್ಕಳಿರುವವನಿಗೆ ಎರಡು ಮಕ್ಕಳಿರುವವನಿಗಿಂತ ಹೆಚ್ಚು ಕೊಡಬೇಕಲ್ಲ ಎಂದು ಆಕೆ ಲೆಕ್ಕ ಒಪ್ಪಿಸುತ್ತಾಳೆ. ಅಮೆರಿಕದ ಸಮಾನ ವೇತನ ಕಾಯ್ದೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಒಂದೇ ಒಂದು ಒರಟು ಮಾತಿಲ್ಲದೆ ನಡೆಯುವ ಈ ದೃಶ್ಯ, ನೌಕರಿ ಮಾಡುವ ನಿಮ್ಮ ಮಗಳಿಗೆ ಈಗಲೂ ತಟ್ಟುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನ್ಯೂಯಾರ್ಕಿನ ಪೊಲೀಸ್ ಠಾಣೆಯೊಂದರಲ್ಲಿ ನಡೆಯುವ ‘ಬಾರ್ನಿ ಮಿಲ್ಲರ್’ 1978ರಲ್ಲಿ, ಗಂಡನೇ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ದೂರು ಕೊಡಲು ಬರುವ ಹೆಂಡತಿಯ ಕಥೆಯನ್ನು ಎತ್ತಿಕೊಂಡಿತು. ಗಂಡನಿಗಿದ್ದ ವಿನಾಯಿತಿಯನ್ನು ನ್ಯೂಯಾರ್ಕಿನ ನ್ಯಾಯಾಲಯ ತೆಗೆದುಹಾಕಿದ್ದು 1984ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಆ ವಿನಾಯಿತಿ ಇನ್ನೂ ಉಳಿದಿರುವುದರಿಂದ, ‘ಇಂದಿನ ಮಾನದಂಡ’ ಎನ್ನುವಾಗ ಯಾವ ನೆಲದ ಮಾನದಂಡ ಎಂಬ ಪ್ರಶ್ನೆಯೂ ಏಳುತ್ತದೆ.

ಕೆಲವರು, ಪರದೇಶಿಗಳಿಗೆ ಇಂಗ್ಲಿಷ್ ಕಲಿಸುವ ತರಗತಿಯೊಂದರ ಬ್ರಿಟಿಷ್ ಧಾರಾವಾಹಿ ‘ಮೈಂಡ್ ಯುವರ್ ಲ್ಯಾಂಗ್ವೇಜ್’ ಹೆಸರಿಸಿ, ಆ ಕಾಲದಲ್ಲಿ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಎಂದಿದ್ದಾರೆ. ಅದು ನಿಜವಲ್ಲ. ಲಂಡನ್ನಿನ ಚಾನೆಲ್ಲಿನಲ್ಲಿ ಅಧಿಕಾರಿಯಾಗಿದ್ದ ಮೈಕೆಲ್ ಗ್ರೇಡ್, ಪರದೇಶಿಗಳನ್ನು ಅಚ್ಚು ಹಾಕಿದಂತೆ ತೋರಿಸುತ್ತದೆಂಬ ಕಾರಣಕ್ಕೇ 1979ರಲ್ಲಿ ಅದನ್ನು ನಿಲ್ಲಿಸಿದರು.

ಇನ್ನು ನಿಮ್ಮ ವಾದಕ್ಕೆ ಕಾರಣವಾದ ಅಮೆರಿಕದ ‘ದಿ ಆಫೀಸ್’. 2005ರ ಮಾರ್ಚ್ 29ರಂದು ಬಂದ ಎರಡನೆಯ ಕಂತು ‘ಡೈವರ್ಸಿಟಿ ಡೇ’ಯನ್ನೇ ಎಲ್ಲರೂ ಉದಾಹರಿಸುತ್ತಾರೆ. ಜನಾಂಗಗಳ ಹೆಸರು ಬರೆದ ಚೀಟಿಗಳನ್ನು ನೌಕರರ ಹಣೆಗೆ ಅಂಟಿಸಿ ಆಟವಾಡಿಸುವ ಮ್ಯಾನೇಜರ್ ಮೈಕೆಲ್, ಆಗಷ್ಟೇ ಒಳಬಂದ ಭಾರತೀಯ ಮೂಲದ ಕೆಲ್ಲಿಯ ಮುಂದೆ ಅಂಗಡಿಯವನ ಧಾಟಿಯಲ್ಲಿ ಅಣಕ ಮಾಡುತ್ತಾನೆ. ಆಕೆ ಕೆನ್ನೆಗೆ ಬಾರಿಸಿ ಹೊರನಡೆಯುತ್ತಾಳೆ. ಇಲ್ಲಿ ಹಿನ್ನೆಲೆ ನಗುವಿಲ್ಲ, ಕ್ಯಾಮೆರಾ ಸುತ್ತಲಿನವರ ಮುಖಗಳನ್ನು ಹುಡುಕುತ್ತದೆ, ನಾಚಿಕೆಪಡಬೇಕಾದವನು ಯಾರೆಂಬುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಮಾತು ಒರಟಾದರೂ ಏಟು ಬೀಳುವುದು ಕುರ್ಚಿಯ ಮೇಲಿರುವವನಿಗೆ, ಹಾಗಾಗಿ ಈ ಕಂತು ನನ್ನ ಮಟ್ಟಿಗೆ ಗಟ್ಟಿಯಾಗಿ ನಿಂತಿದೆ. 2020ರಲ್ಲಿ ಅದೇ ಧಾರಾವಾಹಿಯಿಂದ ತೆಗೆದುಹಾಕಿದ್ದು 2012ರ ಕ್ರಿಸ್‌ಮಸ್ ಕಂತಿನ, ಮುಖಕ್ಕೆ ಕಪ್ಪು ಬಳಿದುಕೊಂಡ ಪಾತ್ರದ ಒಂದು ತುಣುಕನ್ನು. ಅದು ಹೋದದ್ದರಿಂದ ಕಥೆಗೆ ಏನೂ ಕಡಿಮೆಯಾಗಿಲ್ಲ.

ಕ್ರಮ ಹೀಗಿರಲಿ. ಮೇರಿಯ ಮೊದಲ ಕಂತು ಮತ್ತು ಸಂಬಳದ ಕಂತನ್ನು ಒಂದೇ ಸಂಜೆ ನೋಡಿ; ಮರುದಿನ ‘ಡೈವರ್ಸಿಟಿ ಡೇ’. ಆಮೇಲೆ ‘ಮ್ಯಾಶ್’, ಆದರೆ ಮೊದಲ ವರ್ಷದಿಂದ ಬೇಡ, ಮೂರನೆಯ ವರ್ಷದಿಂದ ಹಿಡಿಯಿರಿ. ಆರಂಭದ ಕಂತುಗಳನ್ನು ಕುತೂಹಲ ಹುಟ್ಟಿದ ಮೇಲೆ ನೋಡಬಹುದು. ಡಿವಿಡಿ ಸಿಕ್ಕಿದರೆ ಧ್ವನಿಯ ಆಯ್ಕೆಗಳಿಗೆ ಹೋಗಿ ಹಿನ್ನೆಲೆ ನಗುವನ್ನು ತೆಗೆದುಬಿಡಿ. ನಾನು ಹಾಗೆ ನೋಡಿದ ಮೊದಲ ರಾತ್ರಿ, ಹಿಂದೆ ಹತ್ತು ಸಲ ನಕ್ಕಿದ್ದ ಮಾತುಗಳು ದಣಿದ ವೈದ್ಯನೊಬ್ಬ ನಿದ್ದೆ ತಡೆಯಲು ತನಗೆ ತಾನೇ ಹೇಳಿಕೊಳ್ಳುವ ಮಾತುಗಳಂತೆ ಕೇಳಿಸಿದ್ದವು.