ನಟಿ ಕಲ್ಪನಾ ಅವರನ್ನು ಯಾವ ಸಿನಿಮಾದಿಂದ ನೋಡಲಿ?
‘ಶರಪಂಜರ’ದಿಂದಲೇ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ, ಮೊದಲು 1967ರ ‘ಬೆಳ್ಳಿಮೋಡ’ ನೋಡಿ. ಆಸ್ತಿ ಕೈತಪ್ಪುತ್ತೆ ಅಂತ ಗೊತ್ತಾದ ಕೂಡಲೇ ನಾಯಕಿಯಿಂದ ದೂರವಾದ ಹುಡುಗ, ಆಮೇಲೆ ಕಾಲು ಮುರಿದುಕೊಂಡಾಗ ಅವಳಿಂದಲೇ ಆರೈಕೆ ಮಾಡಿಸಿಕೊಂಡು ಮದುವೆಯಾಗೋಣ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಆ ಗಟ್ಟಿತನ ಕಲ್ಪನಾ ಮುಖದಲ್ಲಿ ಎಷ್ಟು ಸಹಜವಾಗಿ ಬಂದಿದೆ ನೋಡಿ!

ಆಮೇಲೆ ‘ಗೆಜ್ಜೆಪೂಜೆ’. ‘ಶರಪಂಜರ’ದ ಕಾವೇರಿ ಕೊನೆಗಿರಲಿ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬಂದು ವಾಸಿಯಾದರೂ, ಮನೆಯವರು ಮಾತ್ರ ಅವಳನ್ನು ನಂಬುವುದಿಲ್ಲ. ಅದನ್ನು ನೋಡಿದರೆ ಇವತ್ತಿಗೂ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಮೂರೂ ಪುಟ್ಟಣ್ಣ ಕಣಗಾಲ್ ನಿರ್ದೇಶನದವು. ಕಲ್ಪನಾ 1963ರಲ್ಲಿ ‘ಸಾಕು ಮಗಳು’ ಮೂಲಕ ಸಿನಿಮಾಕ್ಕೆ ಬಂದವರು, 1979ರಲ್ಲೇ ಹೋಗಿಬಿಟ್ಟರು. ಆದರೆ ಸುಮ್ನೆ ಅವರ ಸಾವಿನ ಕಥೆಗಳನ್ನೇ ಓದುತ್ತಾ ಕೂರಬೇಡಿ, ನಟನೆ ನೋಡಿ.